ಹೊರಳಲು ಜಾಗವಿರುವ ಕಾಲೇಜು

ಎರಡನೇ ಪಿಯುಸಿ ಫಲಿತಾಂಶ ಬಂದ ವಾರ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರುಗಳಲ್ಲಿ ಎರಡು ಪ್ರಶ್ನೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ‘ಎಷ್ಟು ಬಂತು?’ ಎನ್ನುವುದು ಒಂದು, ‘ಎಲ್ಲಿ ಸೀಟು ಸಿಗುತ್ತೆ?’ ಎನ್ನುವುದು ಇನ್ನೊಂದು. ಕೇಳಲೇಬೇಕಾದ ಮೂರನೆಯ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ: ಸೇರಿದ ಮೇಲೆ ಮಗುವಿನ ಮನಸ್ಸು ಬೇರೆ ವಿಷಯದ ಕಡೆ ತಿರುಗಿದರೆ, ಆ ಕಾಲೇಜಿನಲ್ಲಿ ಹೊರಳಲು ಜಾಗ ಇದೆಯೇ?

ಈ ಪ್ರಶ್ನೆಯ ಬೆಲೆ ನನಗೆ ಗೊತ್ತಾದದ್ದು ಅಣ್ಣನ ಮಗಳಿಂದ. ಬಿಎಸ್ಸಿಗೆ ಸೇರಿದ ಅವಳಿಗೆ ಗಣಿತದ ಜತೆ ಅರ್ಥಶಾಸ್ತ್ರವನ್ನೂ ಓದುವ ಆಸೆ. ಕಾಲೇಜಿನ ಕೈಪಿಡಿಯಲ್ಲಿ ಆಯ್ದುಕೊಳ್ಳಬಹುದಾದ ವಿಷಯಗಳ ಪಟ್ಟಿ ಪುಟ ತುಂಬಾ ಇತ್ತು. ತರಗತಿ ಶುರುವಾದ ಮೇಲೆ ನೋಡಿದರೆ ಪಾಠ ಮಾಡುವವರಿದ್ದದ್ದು ಎರಡು ವಿಷಯಕ್ಕೆ. ‘ಚಿಕ್ಕಪ್ಪ, ಪಟ್ಟಿಯಲ್ಲಿ ಇರೋದೆಲ್ಲ ಇಲ್ಲಿ ಇಲ್ಲ’ ಎಂದು ಫೋನಿನಲ್ಲಿ ಹೇಳಿದಳು. ಅವಳು ಮೊದಲೇ ಒಂದು ದಿನ ಆ ಕಾಲೇಜಿಗೆ ಹೋಗಿ ಕೆಲವು ಪ್ರಶ್ನೆ ಕೇಳಿಬಂದಿದ್ದರೆ ಇದು ಆಗುತ್ತಿರಲಿಲ್ಲ. ಆ ಪ್ರಶ್ನೆಗಳನ್ನೂ, ಸೀಟು ಸಿಗುವ ಸಾಧ್ಯತೆಯನ್ನು ಮನೆಯಲ್ಲೇ ಕೂತು ಅಳೆಯುವ ಲೆಕ್ಕವನ್ನೂ ಈ ಲೇಖನದಲ್ಲಿ ಕೊಡುತ್ತಿದ್ದೇನೆ.

ನಿಯಮ ಎಲ್ಲಿಗೆ ಬಂದು ನಿಂತಿದೆ

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. 2021-22ರಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಆನರ್ಸ್ ಪದವಿಯ ದಾರಿ ತೆರೆಯಿತು, ಬೇರೆ ವಿಭಾಗದ ವಿಷಯ ಓದುವ ಓಪನ್ ಎಲೆಕ್ಟಿವ್ ಬಂತು. ಆಮೇಲೆ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು. 2024ರ ಮೇ ತಿಂಗಳ ಸರ್ಕಾರಿ ಆದೇಶದಂತೆ 2024-25ರಿಂದ ಮೂರು ವರ್ಷದ ಪದವಿ ಮರಳಿತು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಮತ್ತು ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿ ಮುಂದುವರಿದಿದೆ.

ಹಾಗಾದರೆ ಮೂರು ವರ್ಷದ ಪದವಿ ಓದಿದವರಿಗೆ ನಷ್ಟವೇ ಎಂದು ಪೋಷಕರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಮೂರು ವರ್ಷದ ಪದವಿ ಮುಗಿಸಿದವರಿಗೆ ಸ್ನಾತಕೋತ್ತರ ಎರಡು ವರ್ಷ. ನಾಲ್ಕು ವರ್ಷ ಓದಿದವರಿಗೆ ಒಂದು ವರ್ಷದ ಸ್ನಾತಕೋತ್ತರಕ್ಕೆ ಯುಜಿಸಿ ಅವಕಾಶ ಕೊಟ್ಟಿದೆ. ಎರಡೂ ದಾರಿಯಲ್ಲಿ ಒಟ್ಟು ಐದು ವರ್ಷ. ಸಂಶೋಧನೆಗೆ ಬೇಗ ಹೋಗಬೇಕೆನ್ನುವವರಿಗೆ ನಾಲ್ಕು ವರ್ಷದ ಪದವಿ ಅನುಕೂಲ. ಉಳಿದವರು ವರ್ಷ ಎಣಿಸುವ ಬದಲು, ಆ ವರ್ಷಗಳಲ್ಲಿ ಏನೇನು ಓದಬಹುದು ಎಂದು ನೋಡುವುದು ಒಳ್ಳೆಯದು.

ದಾವಣಗೆರೆಯೋ, ಶಿವಮೊಗ್ಗವೋ?

ಚನ್ನಗಿರಿ ತಾಲ್ಲೂಕು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಈಗಲೂ ನಮ್ಮ ಕಡೆಯ ಮಕ್ಕಳು ಎರಡೂ ಕಡೆಗೆ ಬಸ್ ಹತ್ತುತ್ತಾರೆ. ಹಾಗೆ ಹತ್ತುವಾಗ ಊರಿನ ಜತೆ ವಿಶ್ವವಿದ್ಯಾಲಯವನ್ನೂ ಆಯ್ದುಕೊಳ್ಳುತ್ತಿದ್ದೇವೆ ಎನ್ನುವುದು ಹಲವರಿಗೆ ಹೊಳೆಯುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಪದವಿ ಕಾಲೇಜುಗಳು 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳು 1987ರಲ್ಲಿ ಹುಟ್ಟಿದ, ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದವು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ್ದೇ ಘಟಕ ಕಾಲೇಜುಗಳು. ಪಠ್ಯಕ್ರಮ, ವಿಷಯಗಳ ಜೋಡಣೆ, ಆಯ್ಕೆಯ ವಿಷಯಗಳ ಪಟ್ಟಿ ಇವನ್ನೆಲ್ಲ ತೀರ್ಮಾನಿಸುವುದು ವಿಶ್ವವಿದ್ಯಾಲಯ. ಆದ್ದರಿಂದ ಎರಡೂ ಕಡೆಯ ಪಠ್ಯಕ್ರಮವನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ.

ಪಠ್ಯಕ್ರಮ ಓದಿದರಷ್ಟೇ ಸಾಲದು. ವಿಶ್ವವಿದ್ಯಾಲಯ ಇಪ್ಪತ್ತು ಜೋಡಣೆಗೆ ಒಪ್ಪಿಗೆ ಕೊಟ್ಟಿರಬಹುದು. ಕಾಲೇಜು ನಡೆಸುವುದು ತನ್ನಲ್ಲಿ ಅಧ್ಯಾಪಕರಿರುವ ನಾಲ್ಕೈದನ್ನು ಮಾತ್ರ. ಅದಕ್ಕಾಗಿ ರಜೆಯಿಲ್ಲದ ಒಂದು ದಿನ, ತರಗತಿ ನಡೆಯುವ ಹೊತ್ತಿಗೆ, ಕಾಲೇಜಿಗೇ ಹೋಗಿ ಇವನ್ನು ಕೇಳಿ:

1. ಮೂರು ವಿಷಯಗಳ ಯಾವ ಯಾವ ಜೋಡಣೆಗಳು ಈ ವರ್ಷ ನಿಜವಾಗಿ ನಡೆಯುತ್ತಿವೆ? ಒಂದು ಜೋಡಣೆಗೆ ಕನಿಷ್ಠ ಎಷ್ಟು ವಿದ್ಯಾರ್ಥಿಗಳು ಬೇಕು?
2. ಆಯ್ಕೆಯ ವಿಷಯವನ್ನು ವಿದ್ಯಾರ್ಥಿ ಆರಿಸುತ್ತಾನೋ, ತರಗತಿಗೆಲ್ಲ ಒಂದೇ ವಿಷಯ ಎಂದು ಕಾಲೇಜು ಆರಿಸುತ್ತದೋ?
3. ಆ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ? ಅತಿಥಿ ಉಪನ್ಯಾಸಕರಾದರೆ ತರಗತಿ ಯಾವ ತಿಂಗಳಿನಿಂದ ಶುರುವಾಗುತ್ತದೆ?
4. ಮೊದಲ ಸೆಮಿಸ್ಟರಿನಲ್ಲಿ ವಿಷಯ ಬದಲಿಸಬಹುದೇ? ಯಾವ ದಿನಾಂಕದೊಳಗೆ?
5. ಮೂರನೇ ವರ್ಷ ಒಂದೇ ವಿಷಯವನ್ನು ಆಳವಾಗಿ ಓದಲು ಅವಕಾಶವಿದೆಯೇ?
6. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಜಾಲದಲ್ಲಿ ಓದಿದ ವಿಷಯದ ಕ್ರೆಡಿಟ್ ಅನ್ನು ಅಂಕಪಟ್ಟಿಗೆ ಸೇರಿಸುತ್ತೀರಾ? ಕಳೆದ ವರ್ಷ ಯಾರಿಗಾದರೂ ಸೇರಿಸಿದ್ದೀರಾ?

ಉತ್ತರ ಕೇಳಿಕೊಂಡು ಕಚೇರಿಯಿಂದ ಹೊರಗೆ ಬಂದ ಮೇಲೆ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಮಾತನಾಡಿಸಿ. ‘ನಿನ್ನ ಐದನೇ ಸೆಮಿಸ್ಟರಿನ ಅಂಕಪಟ್ಟಿ ತೋರಿಸ್ತೀಯೇನಪ್ಪಾ?’ ಎಂದು ಕೇಳಿ. ಕೈಪಿಡಿಯಲ್ಲಿ ಏನಿದ್ದರೂ, ಆ ಅಂಕಪಟ್ಟಿಯಲ್ಲಿ ಇರುವ ವಿಷಯಗಳೇ ಆ ಕಾಲೇಜಿನ ನಿಜವಾದ ಪಠ್ಯಕ್ರಮ.

ಎಂಜಿನಿಯರಿಂಗ್, ಕೃಷಿಯಲ್ಲಿ

ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಯುಬಿಡಿಟಿ ಕಾಲೇಜು ಇಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜು. ಅದೇ ಊರಿನ ಬಿಐಇಟಿ, ಶಿವಮೊಗ್ಗದ ಜೆಎನ್‌ಎನ್‌ಸಿಇ ನಮ್ಮ ಮಕ್ಕಳಿಗೆ ಪರಿಚಯದ ಹೆಸರುಗಳು. ವಿಟಿಯು 2022ರ ಯೋಜನೆಯಲ್ಲಿ ಬಿಇ ಪದವಿಗೆ ಒಟ್ಟು 160 ಕ್ರೆಡಿಟ್. ಇದರ ಮೇಲೆ 18ರಿಂದ 20 ಕ್ರೆಡಿಟ್ ಓದಿದವರಿಗೆ ಮೈನರ್ ಅಥವಾ ಆನರ್ಸ್ ಕೊಡುವ ಮಾದರಿಯನ್ನು ಎಐಸಿಟಿಇ ರೂಪಿಸಿದೆ. ಸಿವಿಲ್ ಓದುವ ಹುಡುಗಿ ದತ್ತಾಂಶ ವಿಜ್ಞಾನವನ್ನು ಮೈನರ್ ಆಗಿ ಕಲಿಯುವುದು ಅಡಿಕೆ ತೋಟದಲ್ಲಿ ಮರಕ್ಕೆ ಕಾಳುಮೆಣಸು ಹಬ್ಬಿಸಿದಂತೆ. ಮುಖ್ಯ ಬೆಳೆ ಹಾಗೇ ಇರುತ್ತದೆ, ಅದೇ ನೆಲದಲ್ಲಿ ಇನ್ನೊಂದು ಆದಾಯ ಹುಟ್ಟುತ್ತದೆ. ಮೈನರ್‌ ಪಡೆಯುವ ಷರತ್ತುಗಳೇನು, ಎರಡನೇ ವರ್ಷ ಖಾಲಿ ಸೀಟಿದ್ದಾಗ ಬ್ರ್ಯಾಂಚ್ ಬದಲಿಸಲು ಮೊದಲ ವರ್ಷ ಹೇಗಿರಬೇಕು, ಇವೆರಡನ್ನೂ ಸೇರುವ ಮೊದಲೇ ಕೇಳಿಕೊಳ್ಳಿ. ಪಿಯುಸಿಯ ಬದಲು ಡಿಪ್ಲೊಮಾ ಓದಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಬಹುದು ಎನ್ನುವುದೂ ನೆನಪಿರಲಿ. ಹತ್ತನೇ ತರಗತಿಯ ನಂತರ ವಿಜ್ಞಾನ ಪಿಯುಸಿ ಕಷ್ಟವೆನಿಸಿದ ಮಗುವಿಗೆ ಇದು ಗೌರವದ ದಾರಿ.

ಕೃಷಿ, ತೋಟಗಾರಿಕೆ, ಅರಣ್ಯ ವಿಜ್ಞಾನದ ಪದವಿಗೆ ಶಿವಮೊಗ್ಗದಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಇಲ್ಲಿಗೆ ಎರಡು ಬಾಗಿಲು. ಒಂದು ರಾಜ್ಯದ ಸಿಇಟಿ. ಅದರಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ಬೀಜ, ಗಿಡ, ಸಲಕರಣೆ ಗುರುತಿಸುವ ಆ ಪರೀಕ್ಷೆಯಲ್ಲಿ ತೋಟದಲ್ಲಿ ಓಡಾಡಿ ಬೆಳೆದ ಮಗುವಿಗೆ ಅನುಭವವೇ ಅಂಕ. ಇನ್ನೊಂದು ಬಾಗಿಲು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಕೋಟಾದ್ದು, ಅದು ರಾಷ್ಟ್ರಮಟ್ಟದ ಸಿಯುಇಟಿ ಮೂಲಕ ತೆರೆಯುತ್ತದೆ. ಎರಡಕ್ಕೂ ಅರ್ಜಿ ಹಾಕಿದವರ ಅವಕಾಶ ಹಿಗ್ಗುತ್ತದೆ.

ಇನ್ನೂ ದೂರ ಹೋಗಲು ಸಿದ್ಧರಿದ್ದರೆ

ವಿಷಯದ ಆಯ್ಕೆ ನಿಜಕ್ಕೂ ವಿಶಾಲವಾಗಿರುವ ಸಂಸ್ಥೆಗಳು ಕರ್ನಾಟಕದಲ್ಲೇ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಶುರುಮಾಡಿದ ನಾಲ್ಕು ವರ್ಷದ ಬಿಎಸ್ ಪದವಿಯಲ್ಲಿ ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಒಂದೇ ಬಗೆಯ ವಿಜ್ಞಾನ, ಗಣಿತ, ಎಂಜಿನಿಯರಿಂಗ್, ಮಾನವಿಕ ಪಾಠ. ಮುಖ್ಯ ವಿಷಯವನ್ನು ಆಮೇಲೆ ಆರಿಸಿಕೊಳ್ಳಬೇಕು. ಪ್ರವೇಶ ಮಾತ್ರ ಜೆಇಇಯಂಥ ಕಠಿಣ ಪರೀಕ್ಷೆಗಳ ಮೂಲಕ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ತನ್ನದೇ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ನಡೆಸುತ್ತದೆ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತದೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಬರೆಯಬೇಕು. 2022ರಲ್ಲಿ ಆರಂಭವಾದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಪಿಯುಸಿಯಲ್ಲಿ ಓದದ ವಿಷಯವನ್ನೂ ಪರೀಕ್ಷೆಗೆ ಆರಿಸಿಕೊಳ್ಳಲು 2025ರಿಂದ ಅವಕಾಶವಿದೆ. ಕಲಾ ವಿಭಾಗದ ಪ್ರತಿಭಾವಂತ ಮಕ್ಕಳಿಗೆ ನಮ್ಮ ಕಡೆ ಯಾರೂ ಈ ವಿಷಯ ಹೇಳುವುದಿಲ್ಲ. ಹೇಳಲೇಬೇಕು.

ಅಮೆರಿಕದಲ್ಲಿ ಬ್ರೌನ್ ವಿಶ್ವವಿದ್ಯಾಲಯ 1969ರಲ್ಲೇ ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ವಿಷಯಗಳನ್ನು ತೆಗೆದುಹಾಕಿ, ಏನು ಓದಬೇಕೆಂಬ ತೀರ್ಮಾನವನ್ನು ವಿದ್ಯಾರ್ಥಿಗೇ ಬಿಟ್ಟಿತು. ಅಷ್ಟು ಸ್ವಾತಂತ್ರ್ಯ ಕೊಟ್ಟ ಅಲ್ಲಿಯೂ ಸಲಹೆಗಾರ ಅಧ್ಯಾಪಕರಿರುತ್ತಾರೆ. ಆಯ್ಕೆ ಹೆಚ್ಚಿದಷ್ಟೂ ದಾರಿ ತೋರುವವರು ಬೇಕು. ಆದ್ದರಿಂದ ಯಾವ ಕಾಲೇಜಿಗೆ ಹೋದರೂ ‘ವಿಷಯ ಆರಿಸುವಾಗ ನಮ್ಮ ಹುಡುಗಿಗೆ ಯಾರು ಸಲಹೆ ಕೊಡುತ್ತಾರೆ?’ ಎಂದು ಕೇಳಿ. ಒಬ್ಬರ ಹೆಸರು ಹೇಳಿದರೆ ಆ ಕಾಲೇಜಿನಲ್ಲಿ ಕಾಳಜಿ ಇದೆ ಎಂದರ್ಥ.

ಊರಲ್ಲೇ ಇದ್ದು ಆಯ್ಕೆ ಹಿಗ್ಗಿಸಿಕೊಳ್ಳುವುದು

ಮನೆಯ ಸ್ಥಿತಿ, ದೂರ, ಹೆಣ್ಣುಮಗಳೆಂಬ ಆತಂಕ, ಹೀಗೆ ಏನೋ ಒಂದು ಕಾರಣಕ್ಕೆ ಚನ್ನಗಿರಿಯ ಕಾಲೇಜಿಗೇ ಸೇರಬೇಕಾಗಿ ಬಂದರೆ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ. ಒಂದೇ ಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರಲ್ಲಿ ಅನುಮತಿ ಕೊಟ್ಟಿದೆ. ಒಂದನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಓದಬಹುದು. ಐಐಟಿ ಮದ್ರಾಸ್ ನಡೆಸುವ ದತ್ತಾಂಶ ವಿಜ್ಞಾನದ ಆನ್‌ಲೈನ್ ಬಿಎಸ್ ಪದವಿಗೆ ಜೆಇಇ ಬೇಕಿಲ್ಲ. ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾದರೆ ಸಾಕು; ಕಲೆ, ವಾಣಿಜ್ಯ ಓದಿದವರೂ ಸೇರಬಹುದು. ಮಧ್ಯದಲ್ಲಿ ನಿಲ್ಲಿಸಿದರೂ ಆ ಹಂತದ ಪ್ರಮಾಣಪತ್ರವೋ ಡಿಪ್ಲೊಮಾವೋ ಕೈಯಲ್ಲಿ ಉಳಿಯುತ್ತದೆ. ಕಡಿಮೆ ಆದಾಯದವರಿಗೆ ಶುಲ್ಕ ರಿಯಾಯಿತಿಯೂ ಉಂಟು.

‘ಸ್ವಯಂ’ ಜಾಲದ ಪಾಠಗಳು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಒಂದು ಪದವಿಯ ಶೇ 40ರಷ್ಟು ಕ್ರೆಡಿಟ್‌ವರೆಗೆ ಇದರಿಂದ ಪಡೆಯಲು ಯುಜಿಸಿಯ 2021ರ ನಿಯಮದಲ್ಲಿ ಅವಕಾಶವಿದ್ದರೂ ಎಷ್ಟನ್ನು ಒಪ್ಪಬೇಕೆಂದು ಆಯಾ ವಿಶ್ವವಿದ್ಯಾಲಯ ತೀರ್ಮಾನಿಸುತ್ತದೆ. ಮೇಲಿನ ಆರನೇ ಪ್ರಶ್ನೆಯನ್ನು ಮರೆಯದೆ ಕೇಳಬೇಕಾದದ್ದು ಈ ಕಾರಣಕ್ಕೆ.

ಸೀಟು ಸಿಗುತ್ತದೆಯೇ? ಲೆಕ್ಕ ಹೀಗೆ

ಪದವಿ ಕಾಲೇಜುಗಳಿಗೆ ಯುಯುಸಿಎಂಎಸ್ ಜಾಲದಲ್ಲಿ ಅರ್ಜಿ ಹಾಕಬೇಕು. ಸೀಟು ಹಂಚುವುದು ಅಂಕ ಮತ್ತು ಮೀಸಲಾತಿ ನೋಡಿ. ‘ಕಳೆದ ವರ್ಷ ನಮ್ಮ ವರ್ಗದಲ್ಲಿ ಕೊನೆಯ ಸೀಟು ಎಷ್ಟು ಅಂಕಕ್ಕೆ ಹೋಯಿತು?’ ಎಂದು ಕಚೇರಿಯಲ್ಲಿ ಕೇಳಿದರೆ ನಿಮಗೊಂದು ಅಂದಾಜು ಸಿಗುತ್ತದೆ.

ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, ಪ್ರಶ್ನೆಗೊಂದು ಅಂಕ, ತಪ್ಪಾದರೆ ಅಂಕ ಕಳೆಯುವುದಿಲ್ಲ. ಒಬ್ಬ ಹುಡುಗನಿಗೆ ಪಿಯುಸಿಯಲ್ಲಿ 300ಕ್ಕೆ 255 ಬಂದಿದೆ ಎನ್ನೋಣ. ಅದು ಶೇ 85, ಅದರ ಅರ್ಧ 42.5. ಸಿಇಟಿಯಲ್ಲಿ 180ಕ್ಕೆ 99, ಅಂದರೆ ಶೇ 55, ಅದರ ಅರ್ಧ 27.5. ಒಟ್ಟು 70. ಇದು 75 ಆಗಬೇಕಾದರೆ ಸಿಇಟಿಯಲ್ಲಿ 18 ಅಂಕ ಹೆಚ್ಚು ಬಂದರೆ ಸಾಕು. ಅದೇ ಐದನ್ನು ಪಿಯುಸಿಯಿಂದ ಪಡೆಯಲು 30 ಅಂಕ ಬೇಕು. ಪಿಯುಸಿ ಬರೆದ ಮೇಲೆ ಉಳಿಯುವ ವಾರಗಳು ಎಷ್ಟು ಬೆಲೆಬಾಳುತ್ತವೆ ಎಂದು ಈ ಲೆಕ್ಕದಿಂದ ಮಕ್ಕಳಿಗೆ ತೋರಿಸಿ.

ರ್‍ಯಾಂಕ್ ಬಂದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪ್ರಕಟಿಸಿರುವ ಹಿಂದಿನ ವರ್ಷಗಳ ಕಟಾಫ್ ಪಟ್ಟಿ ತೆಗೆಯಿರಿ. ಅಲ್ಲಿ ಹೆಚ್ಚಿನವರು ನೋಡುವುದು ಜಿಎಂ ಎಂಬ ಸಾಮಾನ್ಯ ವರ್ಗದ ಕಾಲಂ. ನಿಮ್ಮದು ಯಾವುದೆಂದು ಹುಡುಕಿ. 2ಎಜಿ ಎಂದರೆ 2ಎ ವರ್ಗ, 2ಎಆರ್ ಎಂದರೆ 2ಎ ಜತೆಗೆ ಗ್ರಾಮೀಣ, 2ಎಕೆ ಎಂದರೆ 2ಎ ಜತೆಗೆ ಕನ್ನಡ ಮಾಧ್ಯಮ. ಜಿಎಂಗೂ ಹೀಗೆಯೇ ಜಿಎಂಆರ್, ಜಿಎಂಕೆ ಇವೆ. ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ 2ಎ ವರ್ಗದ ಮಗುವಿನ ಮುಂದೆ ಹೀಗೆ ಆರು ಕಾಲಂ ಇರುತ್ತವೆ. ಜಿಎಂ ಒಂದನ್ನೇ ನೋಡಿ ‘ನಮಗೆ ಸಿಗಲ್ಲ ಬಿಡಿ’ ಎಂದು ಕೈಚೆಲ್ಲುವವರು ಉಳಿದ ಐದು ಬಾಗಿಲು ತಟ್ಟುವುದೇ ಇಲ್ಲ.

ಮೂರು ವರ್ಷದ ಪಟ್ಟಿ ಇಟ್ಟುಕೊಳ್ಳಿ. ಅಡಿಕೆ ಮಾರುವಾಗ ಒಂದು ದಿನದ ಧಾರಣೆ ನೋಡಿ ವರ್ಷದ ಲೆಕ್ಕ ಹಾಕುವವರಿಲ್ಲ. ಇಲ್ಲಿಯೂ ಒಂದೇ ವರ್ಷದ ಅಂಕಿ ನಂಬಬಾರದು. ಪ್ರತಿ ಕಾಲೇಜಿನ ಮೊದಲ ಸುತ್ತಿನ ಮತ್ತು ಕೊನೆಯ ಸುತ್ತಿನ ಕಟಾಫ್ ರ್‍ಯಾಂಕ್ ಬರೆದುಕೊಳ್ಳಿ. ನಾನು ಬಳಸುವುದು ಮೂರು ಪಟ್ಟಿಯ ಕ್ರಮ:

ಆಸರೆ: ಮೂರೂ ವರ್ಷದ ಮೊದಲ ಸುತ್ತಿನ ಕಟಾಫ್‌ಗಿಂತ ನಿಮ್ಮ ರ್‍ಯಾಂಕ್ ಉತ್ತಮವಾಗಿದ್ದರೆ.
ಅಳತೆ: ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ನಡುವೆ ಇದ್ದರೆ.
ಆಸೆ: ಕೊನೆಯ ಸುತ್ತಿನ ಕಟಾಫ್ ಅನ್ನು ಸ್ವಲ್ಪ ದಾಟಿದ್ದರೆ.

ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ: ನಿಮ್ಮ ಕಾಲಂನಲ್ಲಿ ಮೊದಲ ಸುತ್ತು 42,000ದಿಂದ 45,000ದ ನಡುವೆ, ಕೊನೆಯ ಸುತ್ತು 51,000ದಿಂದ 55,000ದ ನಡುವೆ ಮುಗಿದಿದೆ. ರ್‍ಯಾಂಕ್ 40,000 ಇದ್ದರೆ ಆ ಕಾಲೇಜು ಆಸರೆ, 48,000 ಇದ್ದರೆ ಅಳತೆ, 58,000 ಇದ್ದರೆ ಆಸೆ. 90,000 ಇದ್ದವರು ಬೇರೆ ಕಾಲೇಜು ನೋಡಬೇಕು. ಸೀಟುಗಳ ಸಂಖ್ಯೆ ಹೆಚ್ಚು ಕಡಿಮೆಯಾದ ವರ್ಷ ಈ ಗೆರೆಗಳೂ ಸರಿಯುತ್ತವೆ. ಆದ್ದರಿಂದ ಮೂರೂ ಪಟ್ಟಿಯಲ್ಲಿ ಕಾಲೇಜುಗಳಿರಲಿ, ಆಸರೆಯ ಪಟ್ಟಿಯಲ್ಲಿ ನೀವು ನಿಜವಾಗಿ ಸೇರಲು ಒಪ್ಪುವ ಕಾಲೇಜೇ ಇರಲಿ.

ಆಪ್ಷನ್ ಎಂಟ್ರಿಯಲ್ಲಿ ಇಷ್ಟದ ಕ್ರಮದಲ್ಲೇ ತುಂಬಿ. ಆಸೆಯ ಕಾಲೇಜನ್ನು ಮೇಲಿಟ್ಟರೆ ಕೆಳಗಿನದು ಕೈತಪ್ಪುತ್ತದೆ ಎಂಬ ಭಯ ಬೇಡ. ನಿಮ್ಮ ರ್‍ಯಾಂಕಿಗೆ ಸಿಗುವಂಥದ್ದರಲ್ಲಿ ನೀವು ಎಲ್ಲಕ್ಕಿಂತ ಮೇಲೆ ಬರೆದದ್ದನ್ನೇ ಕೊಡುವಂತೆ ವ್ಯವಸ್ಥೆ ಇದೆ. ಅಣಕು ಹಂಚಿಕೆಯ ಫಲಿತಾಂಶ ನೋಡಿ ಕ್ರಮ ತಿದ್ದಿಕೊಳ್ಳಿ. ಸೀಟು ಬಂದಾಗ ನಾಲ್ಕು ಛಾಯ್ಸ್ ಇರುತ್ತವೆ: ಒಪ್ಪಿ ಸೇರುವುದು, ಒಪ್ಪಿಕೊಂಡೇ ಮೇಲಿನದಕ್ಕೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಮೂರನೆಯದನ್ನು ಒತ್ತುವ ಮೊದಲು ಮನೆಯವರೆಲ್ಲ ಕೂತು ಮಾತನಾಡಿ, ಏಕೆಂದರೆ ಕೈಯಲ್ಲಿದ್ದ ಸೀಟು ಆಗ ಹೋಗುತ್ತದೆ.

ಕಾಗದಪತ್ರ ಈಗಲೇ

ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಮಾತ್ರ ಗ್ರಾಮೀಣ ಕೋಟಾ. ನಲ್ಲೂರಿನ ಮಗು ಎಂಟನೇ ತರಗತಿಗೆ ಪಟ್ಟಣದ ಶಾಲೆಗೆ ಹೋಗಿದ್ದರೆ ಈ ಸೌಲಭ್ಯ ಹೋಯಿತು. ಮಗುವಿನ ಶಾಲೆ ಬದಲಿಸುವ ಮೊದಲೇ ಪೋಷಕರಿಗೆ ಇದು ಗೊತ್ತಿರಬೇಕು. ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯಸ್ಥರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪಿಯುಸಿ ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೋಟಾ ಕೇಳುವುದು ಸಿಇಟಿ ಅರ್ಜಿಯಲ್ಲೇ. ರ್‍ಯಾಂಕ್ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಪಕ್ಕದ ಹರಪನಹಳ್ಳಿಗಿರುವ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಸೌಲಭ್ಯ ಜಗಳೂರಿಗೆ ಅನ್ವಯಿಸುವುದಿಲ್ಲ ಎನ್ನುವುದೂ ಅಲ್ಲಿನವರ ಗಮನದಲ್ಲಿರಲಿ.

ಹಣದ ವಿಚಾರಕ್ಕೆ, ಆದಾಯ ಎಂಟು ಲಕ್ಷದೊಳಗಿರುವವರು ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟಿನ ಬೋಧನಾ ಶುಲ್ಕ ವಿನಾಯಿತಿಗೆ ಪ್ರಯತ್ನಿಸಬಹುದು. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಈಗ ಸಿಗುತ್ತದೆಯೇ ವಿಚಾರಿಸಿ, ಉಳಿದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಜಾಲವಿದೆ. ಹೆಣ್ಣುಮಕ್ಕಳಿಗೆ ‘ಶಕ್ತಿ’ ಯೋಜನೆಯ ಪ್ರಯಾಣ ಉಚಿತ, ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಿಮ್ಮೂರಿಗೆ ತರಗತಿಯ ಹೊತ್ತಿಗೆ ಸರ್ಕಾರಿ ಬಸ್ ಬರುತ್ತದೆಯೇ ನೋಡಿಕೊಂಡು ಲೆಕ್ಕ ಹಾಕಿ.

ಅಣ್ಣನ ಮಗಳು ಅರ್ಥಶಾಸ್ತ್ರವನ್ನು ಕೊನೆಗೆ ‘ಸ್ವಯಂ’ನಲ್ಲಿ ಓದಿದಳು. ರಾತ್ರಿ ಊಟವಾದ ಮೇಲೆ, ಸಿಗ್ನಲ್ ಸಿಗುವ ಜಗಲಿಯ ಮೂಲೆಯಲ್ಲಿ ಕೂತು. ಈ ವರ್ಷ ಅವಳ ತಮ್ಮನ ಸರದಿ. ಅವನಿಗಾಗಿ ಅವಳೇ ಒಂದು ನೋಟ್‌ಬುಕ್ ತಂದು ಆಸೆ, ಅಳತೆ, ಆಸರೆ ಎಂದು ಮೂರು ಕಾಲಂ ಎಳೆದಿದ್ದಾಳೆ. ಕಾಲೇಜಿನ ಹೆಸರು ಬರೆಯುವುದಕ್ಕೂ ಮುಂಚೆ ಮೊದಲ ಪುಟದಲ್ಲಿ ಬರೆದದ್ದು ಒಂದೇ ಸಾಲು: ‘ಐದನೇ ಸೆಮಿಸ್ಟರ್ ಅಂಕಪಟ್ಟಿ ನೋಡಿಯೇ ಸೇರುವುದು.’